ಐದು ಆದ್ಯತೆ, ಎರಡು ಗಂಟೆ: ಯೌವನಸ್ಥರ ಕೂಟವನ್ನು ಹೇಗೆ ಯೋಜಿಸಬೇಕು?

ಪ್ರಶ್ನೆ: ನಮ್ಮದು ಮುಂಬಯಿಯ ಒಂದು ಕನ್ನಡ ಕ್ರೈಸ್ತ ಸಭೆ (ಚರ್ಚ್). ನನಗೆ 26 ವರ್ಷ, ಡೊಂಬಿವಲಿಯಲ್ಲಿ ಮನೆ. ಕಳೆದ ಜನವರಿಯಿಂದ ಯೌವನಸ್ಥರ ಕೂಟದ ಜವಾಬ್ದಾರಿ ನನ್ನ ಮೇಲಿದೆ. ಆರಾಧನೆ, ವಾಕ್ಯ (ಬೈಬಲ್ ಓದು), ಅನ್ಯೋನ್ಯತೆ, ನೆರವಿನ ಕೆಲಸ, ಸುವಾರ್ತೆ ಎಂದು ಸಭಾ ಕಮಿಟಿ ಐದು ಆದ್ಯತೆಗಳನ್ನು ಗೊತ್ತುಮಾಡಿ ಕೊಟ್ಟಿದೆ. ಭಾನುವಾರ 8.30ರ ಆರಾಧನೆ ಮುಗಿದ ಮೇಲೆ 11ರಿಂದ 1 ಗಂಟೆಯವರೆಗೆ ಹಾಲ್ ನಮ್ಮದು. ಆಮೇಲೆ ಇನ್ನೊಂದು ಭಾಷೆಯ ಸಭೆಗೆ ಬಿಟ್ಟುಕೊಡಬೇಕು. ಪ್ರತಿ ವಾರ ಐದಕ್ಕೂ ಸಮಯ ಹಂಚುತ್ತಿದ್ದೇವೆ. ಪಟ್ಟಿಯಲ್ಲಿ 34 ಹೆಸರಿವೆ, ಬರುವವರು 10–12 ಜನ. 12 ಗಂಟೆಗೆಲ್ಲ ಒಬ್ಬೊಬ್ಬರೇ ಎದ್ದುಹೋಗುತ್ತಾರೆ. ಆಟ ಇದ್ದ ದಿನ ಮಾತ್ರ ಹುಡುಗರು ಉಳಿಯುತ್ತಾರೆ. 14 ವರ್ಷದವರೂ ಇದ್ದಾರೆ, 28 ವರ್ಷದವರೂ ಇದ್ದಾರೆ. ಅರ್ಧ ಜನಕ್ಕೆ ಕನ್ನಡ ಓದಲು ಬರುವುದಿಲ್ಲ. ವಾರಕ್ಕೊಂದು ಆದ್ಯತೆ ಎಂದು ಸರದಿ ಹಾಕಲೇ? ಶನಿವಾರ ಸಂಜೆಗೆ ಬದಲಿಸಲೇ? ನಾಲ್ಕೈದು ಜನ ಮಾತ್ರ ಬಂದರೆ ಕೂಟ ರದ್ದು ಮಾಡಬಹುದೇ?

ಉತ್ತರ: ಪ್ರಿಯ ಸಹೋದರಿ, ನೀವು ಕೇಳಿದ್ದು ವೇಳಾಪಟ್ಟಿಯ ಬಗ್ಗೆ. ಆದರೆ ಎದ್ದುಹೋಗುವವರ ಬೆನ್ನು ನೋಡುತ್ತ ಕೂತಾಗ ‘ತಪ್ಪು ನನ್ನದೇ ಏನೋ’ ಎಂಬ ಕೊರಗು ನಿಮ್ಮ ಪತ್ರದ ಉದ್ದಕ್ಕೂ ಕಾಣುತ್ತದೆ. ಅದನ್ನು ಮೊದಲು ಬದಿಗಿಡಿ. ನೀವು ಬರೆದ ಏರ್ಪಾಡನ್ನು ಎಂಥ ಅನುಭವಿ ನಡೆಸಿದರೂ ಹುಡುಗರು 12ಕ್ಕೆ ಏಳುತ್ತಾರೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಇರುವುದು 120 ನಿಮಿಷ. ಶುರುವಾಗುವುದೇ ಕಾಲು ಗಂಟೆ ತಡ. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗ ಗಿಟಾರ್ ಶ್ರುತಿ ಮಾಡುವುದು, ಕುರ್ಚಿ ಎಳೆಯುವುದು, ಮುಂದಿನವರನ್ನು ಕರೆಯುವುದು ಎಂದು ನಾಲ್ಕು ನಿಮಿಷ. ಅಂಥ ನಾಲ್ಕು ಬದಲಾವಣೆಗೆ 16 ನಿಮಿಷ. ಉಳಿದದ್ದು 89, ಅದನ್ನು ಐದರಿಂದ ಭಾಗಿಸಿದರೆ ಒಂದೊಂದಕ್ಕೆ 18 ನಿಮಿಷವೂ ಪೂರ್ತಿ ಸಿಗುವುದಿಲ್ಲ. ಅಷ್ಟರಲ್ಲಿ ಸಂದೇಶ ಕೊಡಬಹುದು, ಆದರೆ ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ. ಪ್ರಾರ್ಥನೆ ಶುರುಮಾಡಬಹುದು, ಮನಸ್ಸು ನಿಲ್ಲುವ ಹೊತ್ತಿಗೆ ಆಮೆನ್ ಹೇಳಬೇಕು.

ಐದೂ ಪ್ರತಿ ವಾರ ಆಗಲೇಬೇಕು ಎನ್ನುವವರು ಸಾಮಾನ್ಯವಾಗಿ ಬೈಬಲ್‌ನ ಅಪೊಸ್ತಲರ ಕೃತ್ಯಗಳು 2:42ನ್ನು ತೋರಿಸುತ್ತಾರೆ. ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ ಎಲ್ಲವೂ ಅಲ್ಲಿವೆ, ನಿಜ. ಅಲ್ಲಿಗೇ ನಿಲ್ಲಿಸದೆ 46ನೇ ವಚನದವರೆಗೆ ಓದಿ. ಅವರು ದಿನಾಲೂ ದೇವಾಲಯದಲ್ಲಿ ಸೇರುತ್ತಿದ್ದರು, ಮನೆಮನೆಗಳಲ್ಲಿ ಊಟ ಮಾಡುತ್ತಿದ್ದರು ಎಂದಿದೆ. ಅದು ಒಂದು ಸಭೆಯ ಇಡೀ ಬಾಳಿನ ಚಿತ್ರ. ಅದನ್ನು ಒಂದು ಭಾನುವಾರದ ಕಾರ್ಯಕ್ರಮ ಪಟ್ಟಿ ಮಾಡಿಕೊಂಡರೆ ಆ ವಚನಕ್ಕೂ ನ್ಯಾಯವಿಲ್ಲ, ಹುಡುಗರಿಗೂ ಇಲ್ಲ. ಯಾವುದಾದರೂ ಆದ್ಯತೆ ಎಂದಾದರೆ ಉಳಿದದ್ದು ಸ್ವಲ್ಪ ಹಿಂದೆ ನಿಲ್ಲಬೇಕು. ಐದಕ್ಕೂ ಸಮಪಾಲು ಕೊಟ್ಟಾಗ ನಿಮ್ಮಲ್ಲಿ ಆದ್ಯತೆ ಎಂಬುದೇ ಉಳಿದಿಲ್ಲ.

ಆಟದ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಆಟವಿಲ್ಲದೆ ಯುವಜನ ಬರುವುದಿಲ್ಲ ಎಂಬುದು ಒಂದು, ಆಟ ಆಡಿಸಿದರೆ ಕೂಟದ ಪವಿತ್ರತೆ ಹೋಯಿತು ಎಂಬುದು ಇನ್ನೊಂದು. ಆಟ ನೋಡಿ ಬಂದವನು ಅದಕ್ಕಿಂತ ಒಳ್ಳೆಯ ಆಟ ಸಿಕ್ಕ ಕಡೆ ಹೋಗುತ್ತಾನೆ. ಬಾಕ್ಸ್ ಕ್ರಿಕೆಟ್ ಟರ್ಫ್ ಜೊತೆ ನಿಮ್ಮ ಹಾಲ್ ಪೈಪೋಟಿ ಮಾಡಲಾರದು. ಹಾಗೆಂದು ಹತ್ತು ನಿಮಿಷದ ಆಟದಿಂದ ಹೊಸಬನ ಹೆಸರು ಎಲ್ಲರಿಗೂ ಗೊತ್ತಾಗುವುದಾದರೆ ಅದು ಅನ್ಯೋನ್ಯತೆಯ ಕೆಲಸವೇ. ಸೋತವರು ಹೊರಗೆ ನಿಲ್ಲಬೇಕಾದ ಆಟ ಮಾತ್ರ ಬೇಡ. ಅದರಲ್ಲಿ ನಾಚಿಕೆಯ ಹುಡುಗಿ ಎರಡನೇ ನಿಮಿಷಕ್ಕೆ ಗೋಡೆಗೆ ಒರಗಿ ನಿಲ್ಲುತ್ತಾಳೆ, ಮತ್ತೆ ಕೂಟದೊಳಗೆ ಬರುವುದೇ ಇಲ್ಲ.

ಇನ್ನು ನಿಜವಾದ ಕಾರಣಗಳು. ನಿಮ್ಮ ಪತ್ರದಿಂದಲೇ ನಾಲ್ಕು ಕಾಣುತ್ತವೆ.

ಮೊದಲನೆಯದು ಹಸಿವು. ಡೊಂಬಿವಲಿ, ಕಲ್ಯಾಣ, ಬದಲಾಪುರ ಕಡೆಯವರು 8.30ರ ಆರಾಧನೆಗೆ ತಲುಪಬೇಕಾದರೆ 6.30–7ಕ್ಕೇ ಮನೆ ಬಿಟ್ಟಿರುತ್ತಾರೆ. ಆರಾಧನೆ ಆದ ಮೇಲೆ ಒಂದು ಕಪ್ ಚಹಾ, ಎರಡು ಬಿಸ್ಕಿಟ್. 12 ಗಂಟೆಗೆ ಎದ್ದುಹೋಗುವುದರಲ್ಲಿ ಅರ್ಧ ಪಾಲು ಹೊಟ್ಟೆಯದು. ಎರಡನೆಯದು ಲೋಕಲ್ ರೈಲು. ಭಾನುವಾರದ ಮೆಗಾಬ್ಲಾಕ್ (ಹಳಿ ದುರಸ್ತಿಗಾಗಿ ರೈಲು ಸಂಚಾರ ತಡೆಯುವುದು) ಸೆಂಟ್ರಲ್ ಮತ್ತು ಹಾರ್ಬರ್ ಮಾರ್ಗದಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 11ರ ಆಸುಪಾಸಿನಿಂದ ಸಂಜೆ 4ರ ಆಸುಪಾಸಿನವರೆಗೆ ಇರುತ್ತದೆ. ಗಾಡಿ ಯಾವ ಟ್ರ್ಯಾಕ್‌ನಲ್ಲಿ ಬರುತ್ತದೋ, ಎಲ್ಲಿ ನಿಲ್ಲುವುದಿಲ್ಲವೋ ಎಂಬ ಚಿಂತೆ ಇರುವವನ ಕಣ್ಣು ಮೊಬೈಲ್ ಮೇಲೇ ಇರುತ್ತದೆ. ಇದನ್ನು ಆಸಕ್ತಿ ಇಲ್ಲ ಎಂದು ಓದಿಕೊಳ್ಳಬೇಡಿ. ಬ್ಲಾಕ್‌ನ ಸಮಯ ಒಂದೆರಡು ದಿನ ಮೊದಲೇ ಪ್ರಕಟವಾಗುತ್ತದೆ. ಶನಿವಾರ ಅದನ್ನು ಗ್ರೂಪ್‌ಗೆ ಹಾಕುವುದು, ‘12.30ಕ್ಕೆ ಮುಗಿಯುತ್ತದೆ’ ಎಂದು ಬರೆಯುವುದು, ಬರೆದ ಹಾಗೆ ಮುಗಿಸುವುದು, ಇಷ್ಟು ಮಾಡಿದರೆ ಮಧ್ಯದಲ್ಲಿ ಏಳುವವರು ಕಡಿಮೆಯಾಗುತ್ತಾರೆ.

ಮೂರನೆಯದು ವಯಸ್ಸು. 14ರ ಹುಡುಗನಿಗೆ ಹತ್ತನೆಯ ಪರೀಕ್ಷೆಯ ಭಯ, 28ರವನಿಗೆ ಮನೆಸಾಲ, ಮದುವೆ ಮಾತುಕತೆ. ಹಾಡು, ಪ್ರಾರ್ಥನೆ, ಊಟ ಒಟ್ಟಿಗೆ ಇರಲಿ. ಚರ್ಚೆಗೆ ಮಾತ್ರ ಎರಡು ಗುಂಪು ಮಾಡಿ: 14ರಿಂದ 17, ಮತ್ತು 18ರ ಮೇಲಿನವರು. ನಾಲ್ಕನೆಯದು ಭಾಷೆ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮುಂಬಯಿ ಸಭೆಗಳಲ್ಲಿ ಅತಿ ಹೆಚ್ಚು ನೋವು ಕೊಡುವ ವಿಷಯ ಇದೇ.

ನಿಮ್ಮ ಹುಡುಗರ ಮಾತಿನ ಕನ್ನಡ ಕಲಬುರಗಿಯ ಅಥವಾ ಬೀದರಿನ ಅಜ್ಜಿಯದು. ಓದಲು ಕಲಿತದ್ದು ಇಂಗ್ಲಿಷ್, ಇಲ್ಲವೇ ದೇವನಾಗರಿ. ಹಳೆಯ ಸತ್ಯವೇದದ ಕನ್ನಡವೋ ‘ಮಾಡುವದು’, ‘ಹೋಗುವದು’ ಎಂಬ ಕಾಲದ್ದು. ಎಲ್ಲರ ಮುಂದೆ ‘ನೀನು ಓದು’ ಎಂದು ಪುಸ್ತಕ ಕೊಟ್ಟಾಗ ಅಕ್ಷರ ಕೂಡಿಸಿ ಕೂಡಿಸಿ ಓದಿದ ಹುಡುಗ ಮುಂದಿನ ವಾರ ಬರುವುದಿಲ್ಲ. ಇದಕ್ಕೆ ಸಭೆಗಳು ಹುಡುಕಿಕೊಂಡ ದಾರಿಗಳು ಎರಡು. ಪೂರ್ತಿ ಇಂಗ್ಲಿಷಿಗೆ ಬದಲಾದರೆ ಕೂಟ ಸಲೀಸಾಗಿ ನಡೆಯುತ್ತದೆ, ಆದರೆ ಐದು ವರ್ಷದಲ್ಲಿ ಆ ಹುಡುಗರು ಕನ್ನಡ ಆರಾಧನೆಯಲ್ಲಿ ಅತಿಥಿಗಳ ಹಾಗೆ ಕೂರುತ್ತಾರೆ. ಪೂರ್ತಿ ಕನ್ನಡವೇ ಎಂದು ಹಟ ಹಿಡಿದರೆ ತಲೆಯಾಡಿಸುತ್ತಾರೆ, ಒಳಗೆ ಏನೂ ಇಳಿಯುವುದಿಲ್ಲ. ನನ್ನ ಸಲಹೆ ಹೀಗೆ: ಚೆನ್ನಾಗಿ ಓದಬಲ್ಲ ಒಬ್ಬರು ವಾಕ್ಯಭಾಗವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ, ಉಳಿದವರು ತಮ್ಮ ತಮ್ಮ ಭಾಷೆಯ ಬೈಬಲ್‌ನಲ್ಲಿ ಕಣ್ಣಾಡಿಸಲಿ. ಆಮೇಲೆ ಒಬ್ಬನು ಪುಸ್ತಕ ಮುಚ್ಚಿ, ಅದೇ ಭಾಗವನ್ನು ಮನೆಯ ಮಾತಿನಲ್ಲಿ ಹೇಳಲಿ. ಹಾಡಿನ ಸಾಲುಗಳನ್ನು ಪರದೆಯ ಮೇಲೆ ಕನ್ನಡದಲ್ಲಿ ಹಾಕಿ, ಕೆಳಗೆ ದೇವನಾಗರಿಯಲ್ಲಿ ಕೊಡಿ. ತಿಂಗಳಿಗೊಂದು ವಚನ ಮಾತ್ರ ಕನ್ನಡದಲ್ಲಿ ಬಾಯಿಪಾಠವಾಗಲಿ.

ಈಗ ನಿಮ್ಮ ಮುಂದಿರುವ ದಾರಿಗಳನ್ನು ತೂಗಿ ನೋಡೋಣ.

ವಾರಕ್ಕೊಂದು ಆದ್ಯತೆಯ ಸರದಿ ನೋಡಲು ಅಚ್ಚುಕಟ್ಟಾಗಿದೆ, ತಯಾರಿಯೂ ಹಗುರ. ತೊಂದರೆ ಎಲ್ಲಿ ಬರುತ್ತದೆ ಎಂದರೆ ಜನ ತಮಗೆ ಬೇಕಾದ ವಾರವನ್ನು ಆರಿಸಿಕೊಳ್ಳುತ್ತಾರೆ. ಅನ್ಯೋನ್ಯತೆಯ ವಾರ ಹಾಲ್ ತುಂಬುತ್ತದೆ, ಪ್ರಾರ್ಥನೆಯ ವಾರ ಐದು ಜನ. ತಿಂಗಳಿಗೆ ಎರಡೇ ಸಲ ಬರುವ ಶಿಫ್ಟ್ ಕೆಲಸದ ಹುಡುಗನಿಗೆ ಇಡೀ ವರ್ಷದಲ್ಲಿ ವಾಕ್ಯದ ವಾರ ನಾಲ್ಕೋ ಐದೋ ಸಲ ಸಿಕ್ಕರೆ ಹೆಚ್ಚು.

ಎರಡನೆಯ ದಾರಿ, ಹದಿನೈದು ದಿನಕ್ಕೊಮ್ಮೆ ದೊಡ್ಡ ಕೂಟ, ನಡುವಿನ ವಾರ ಮನೆಗಳಲ್ಲಿ ಚಿಕ್ಕ ಗುಂಪು: ಕಲ್ಯಾಣ–ಡೊಂಬಿವಲಿಯವರದು ಒಂದು, ಮುಲುಂಡ್–ಘಾಟ್‌ಕೋಪರ್ ಕಡೆಯವರದು ಒಂದು. ಆಳ ಬರುವುದು ಇಲ್ಲಿಯೇ, ಅದರಲ್ಲಿ ಸಂಶಯವಿಲ್ಲ. ಆದರೆ ನಡೆಸಬಲ್ಲವರು ಕನಿಷ್ಠ ನಾಲ್ಕು ಜನ ಬೇಕು. 10 ಅಡಿ ಅಗಲದ ಖೋಲಿಯಲ್ಲಿ ಎಂಟು ಜನ ಕೂತು ಹಾಡಿದರೆ ಪಕ್ಕದ ಮನೆಯವರ ಒಪ್ಪಿಗೆಯೂ ಬೇಕು. ತರಬೇತಿಯಿಲ್ಲದೆ ಶುರುಮಾಡಿದರೆ ಒಂದು ಗುಂಪು ಹರಟೆಯಾಗುತ್ತದೆ, ಇನ್ನೊಂದರಲ್ಲಿ ಯಾರೋ ತಮಗೆ ತೋಚಿದ ಬೋಧನೆ ಶುರುಮಾಡುತ್ತಾರೆ.

ಮೂರನೆಯ ದಾರಿಯೇ ಸದ್ಯಕ್ಕೆ ನಿಮಗೆ ನನ್ನ ಸಲಹೆ: ವಾಕ್ಯ ಮತ್ತು ಪ್ರಾರ್ಥನೆ ಪ್ರತಿ ವಾರ ಇರುವ ಬೆನ್ನೆಲುಬು, ಅದರ ಜೊತೆಗೆ ಐದು ಆದ್ಯತೆಗಳಲ್ಲಿ ಒಂದಕ್ಕೆ ಮಾತ್ರ ಕೆಲವು ವಾರ ಒತ್ತು. ಇದರ ಅಪಾಯ ಎಂದರೆ ಒತ್ತು ಸಿಗದ ವಿಷಯದವರು, ಉದಾಹರಣೆಗೆ ಕ್ವಾಯರ್‌ನವರು, ‘ನಮ್ಮನ್ನು ಬಿಟ್ಟರು’ ಎಂದುಕೊಳ್ಳಬಹುದು. ಅದಕ್ಕೇ ವರ್ಷದ ಪಟ್ಟಿಯನ್ನು ಮೊದಲೇ ಎಲ್ಲರ ಕೈಗೆ ಕೊಡಬೇಕು. ಇದು ಆರು ತಿಂಗಳು ಸರಿಯಾಗಿ ನಡೆದರೆ ನಡೆಸುವ ನಾಲ್ಕು ಜನ ತಾವಾಗಿಯೇ ಎದ್ದು ಕಾಣುತ್ತಾರೆ. ಆಗ ಮನೆಗುಂಪುಗಳ ಕಡೆ ಹೋಗಿ.

ಭಾನುವಾರ ಹೇಗೆ ನಡೆಯಬೇಕು? 10.45ಕ್ಕೆ ತಿಂಡಿ, ಕೂಟ ಮುಗಿದ ಮೇಲಲ್ಲ. ಪೋಹೆಯೋ ವಡಾಪಾವೋ, ತಲೆಗೆ 25 ರೂಪಾಯಿಯ ಲೆಕ್ಕ ಕಮಿಟಿಯ ಮುಂದಿಡಿ. 15 ಜನಕ್ಕೆ 375 ರೂಪಾಯಿ, ಇಬ್ಬರ ಸಹಿಯಿರುವ ಪುಸ್ತಕದಲ್ಲಿ ಬರೆಯಿರಿ. 11ಕ್ಕೆ ಸರಿಯಾಗಿ, ಮೂರೇ ಜನ ಇದ್ದರೂ, ಮೊದಲ ಹಾಡು. ಎರಡು ಹಾಡು ಸಾಕು, ಗೊತ್ತಿರುವುದು ಮೊದಲು, ಹೊಸದು ಆಮೇಲೆ. ಹುಡುಗರು ಹಾಡುವುದಿಲ್ಲ ಎಂಬ ದೂರು ಬಹಳಷ್ಟು ಸಲ ಶ್ರುತಿಯ ದೂರು. ಹುಡುಗಿಯರ ಕಂಠಕ್ಕೆ ಎತ್ತಿದ ಶ್ರುತಿಯಲ್ಲಿ ಅವರು ಎರಡನೇ ಸಾಲಿಗೇ ಬಾಯಿ ಮುಚ್ಚುತ್ತಾರೆ. ಕೀಬೋರ್ಡ್‌ನಲ್ಲಿ ಟ್ರಾನ್ಸ್‌ಪೋಸ್ ಎರಡು ಇಳಿಸಿ ನೋಡಿ. 11.10ಕ್ಕೆ ಐದು ನಿಮಿಷ ಕಳೆದ ವಾರದ ಪ್ರಾರ್ಥನೆ ವಿಷಯಗಳು ಏನಾದವು ಎಂದು ಕೇಳುವುದು. 11.15ರಿಂದ 11.50 ವಾಕ್ಯ: ಐದು ನಿಮಿಷ ಓದು, 15 ನಿಮಿಷ ನಾಲ್ಕೈದು ಜನರ ಗುಂಪಿನಲ್ಲಿ ಚರ್ಚೆ, 15 ನಿಮಿಷ ಎಲ್ಲರೂ ಒಟ್ಟಿಗೆ. ಅಲ್ಲಿಂದ 12.20ರವರೆಗೆ ಆ ತಿಂಗಳ ಒತ್ತಿನ ವಿಷಯ. ವಾಕ್ಯದ ಸರಣಿ ನಡೆಯುವಾಗ ಈ 30 ನಿಮಿಷವೂ ವಾಕ್ಯಕ್ಕೇ. ಕೊನೆಯ 10 ನಿಮಿಷ ಮೂರು ಮೂರು ಜನ ಕೂತು ಪ್ರಾರ್ಥನೆ, ಹುಡುಗರು ಹುಡುಗರ ಜೊತೆ, ಹುಡುಗಿಯರು ಹುಡುಗಿಯರ ಜೊತೆ. ಉಳಿದ ಅರ್ಧ ಗಂಟೆ ಹಾಲ್ ಗುಡಿಸಲು, ಮಾತಾಡಲು ಇರಲಿ. ಮನಸ್ಸಿನ ಮಾತು ಹೊರಬರುವುದು ಹೆಚ್ಚಾಗಿ ಕುರ್ಚಿ ಮಡಚುವಾಗಲೇ.

ವಾಕ್ಯಭಾಗ 8ರಿಂದ 15 ವಚನ ಮೀರಬಾರದು. ಮಾರ್ಕ 2:1–12 ತೆಗೆದುಕೊಳ್ಳಿ, ಸರಿಯಾಗಿ 12 ವಚನ: ರೋಗಿಯೊಬ್ಬನನ್ನು ಹೊತ್ತು ತಂದವರು ಮನೆಯ ಸೂರು ಬಿಚ್ಚಿ ಅವನನ್ನು ಯೇಸುವಿನ ಮುಂದೆ ಇಳಿಸಿದ ಪ್ರಸಂಗ. ‘ಪಾರ್ಶ್ವವಾಯು ರೋಗಿ’ ಎಂದಾಗ ಮುಖ ಮುಖ ನೋಡುವವರಿಗೆ ‘ಲಕ್ವಾ ಹೊಡದವ’ ಎಂದರೆ ತಟ್ಟನೆ ಗೊತ್ತಾಗುತ್ತದೆ. ಪ್ರಶ್ನೆ ಮೂರೇ: ಇಲ್ಲಿ ಏನು ನಡೆಯಿತು? ಇದರ ಅರ್ಥ ಏನು? ಈ ವಾರ ನಾನು ಏನು ಮಾಡಲಿ? ಮೊದಲನೆಯದಕ್ಕೆ ಅವಸರ ಬೇಡ. ಹೊತ್ತು ತಂದವರು ಎಷ್ಟು ಜನ, ಬಾಗಿಲಲ್ಲಿ ಯಾಕೆ ದಾರಿ ಸಿಗಲಿಲ್ಲ, ಯೇಸು ಮೊದಲು ನೋಡಿದ್ದು ಯಾರ ನಂಬಿಕೆಯನ್ನು? ಚಾಳಿನಲ್ಲಿ ಬೆಳೆದ ಹುಡುಗ ‘ಆ ಸೂರು ಯಾರ ಮನೆಯದು? ರಿಪೇರಿ ಯಾರು ಮಾಡಿಸಿಕೊಟ್ಟರು?’ ಎಂದು ಕೇಳಿಯೇ ಕೇಳುತ್ತಾನೆ. ‘ಅದು ಮುಖ್ಯ ಅಲ್ಲ’ ಎಂದು ಬಾಯಿ ಮುಚ್ಚಿಸಬೇಡಿ. ಬೇರೆಯವರಿಗಾಗಿ ನಮ್ಮ ಮನೆ ಹಾಳಾದರೂ ಸರಿಯೇ ಎಂಬ ಮಾತಿಗೆ ಅಲ್ಲಿಂದಲೇ ದಾರಿ ಇದೆ. ‘ಏನು ಮಾಡಲಿ’ ಎಂಬುದಕ್ಕೆ ‘ಹೆಚ್ಚು ಪ್ರೀತಿಸುತ್ತೇನೆ’ ಎಂಬ ಉತ್ತರ ಒಪ್ಪಬೇಡಿ. ಯಾರನ್ನು, ಯಾವ ದಿನ, ಏನು ಮಾಡಿ ಎಂದು ಕೇಳಿ. 11.10ರ ಐದು ನಿಮಿಷದಲ್ಲಿ ಮುಂದಿನ ವಾರ ಅದನ್ನೇ ವಿಚಾರಿಸಬಹುದು.

ವರ್ಷದ ಯೋಜನೆಗೆ 52 ಭಾನುವಾರ ಎಂದು ಎಣಿಸಿದರೆ ಮೋಸ ಹೋಗುತ್ತೀರಿ. ಮೇ ತಿಂಗಳಲ್ಲಿ ಊರಿಗೆ ಹೋಗುವ ಮೂರು ವಾರ, ಗರಿಗಳ ಭಾನುವಾರ ಮತ್ತು ಈಸ್ಟರ್, ಡಿಸೆಂಬರ್‌ನಲ್ಲಿ ಕ್ಯಾರಲ್ ಮತ್ತು ಕ್ರಿಸ್ಮಸ್‌ಗೆ ಮೂರು, ಸುಗ್ಗಿ ಹಬ್ಬಕ್ಕೆ ಒಂದು, ಗಣೇಶೋತ್ಸವದ ದಟ್ಟಣೆಗೆ ಒಂದು, ಜುಲೈ–ಆಗಸ್ಟ್‌ನ ಮಳೆಗೆ ಎರಡು. ಹನ್ನೆರಡು ಹೋದರೆ 40 ಉಳಿಯಿತು. ಈ 40ರಲ್ಲಿ ವಾಕ್ಯದ ಸರಣಿಗೆ 18 ವಾರ, ಅಂದರೆ ಆರು ವಾರದ ಮೂರು ಸರಣಿ. ಅನ್ಯೋನ್ಯತೆಗೆ 8, ನೆರವಿನ ಕೆಲಸಕ್ಕೆ 6, ಸುವಾರ್ತೆಯ ತರಬೇತಿಗೆ 4, ಪ್ರಾರ್ಥನೆ–ಆರಾಧನೆಗೆ 4. ವಾಕ್ಯಕ್ಕೆ ಇಷ್ಟೇಕೆ ಎಂದರೆ, ನಿಮ್ಮ ಅರ್ಧ ಜನಕ್ಕೆ ಭಾನುವಾರದ ಪ್ರಸಂಗ ಭಾಷೆಯ ಕಾರಣದಿಂದ ಪೂರ್ತಿ ತಲುಪುತ್ತಿಲ್ಲ. ಆರಾಧನೆಗೆ ಕಡಿಮೆ ಏಕೆಂದರೆ ಅವರು ಆಗಲೇ ಎರಡು ಗಂಟೆ ಆರಾಧನೆಯಲ್ಲಿ ಕೂತು ಬಂದಿದ್ದಾರೆ. ನಿಮ್ಮ ಸಭೆಯ ಅಗತ್ಯ ನೋಡಿ ಅಂಕಿ ಬದಲಿಸಿ, ಆದರೆ ಸಮನಾಗಿ ಮಾತ್ರ ಹಂಚಬೇಡಿ. ಹತ್ತು, ಹನ್ನೆರಡನೆಯವರ ಬೋರ್ಡ್ ಪರೀಕ್ಷೆ ಇರುವ ಫೆಬ್ರುವರಿ–ಮಾರ್ಚ್‌ನಲ್ಲಿ ಹೊಸ ಸರಣಿ ಶುರುಮಾಡದಿರಿ. ಆ ಮಕ್ಕಳ ಹೆಸರು ಹಿಡಿದು ಪ್ರಾರ್ಥಿಸಲು ಒಳ್ಳೆಯ ಕಾಲ ಅದು.

ಕಮಿಟಿ ಕೊಟ್ಟ ಐದು ನಾಮಪದಗಳನ್ನು ಕ್ರಿಯಾಪದ ಮಾಡಿಕೊಳ್ಳಿ. ‘ಸುವಾರ್ತೆ’ ಎಂದು ಬರೆದರೆ ಯಾರಿಗೂ ಏನೂ ಗೊತ್ತಾಗದು. ‘ಡಿಸೆಂಬರ್ ಒಳಗೆ 12 ಜನ ತಮ್ಮ ಸಾಕ್ಷಿಯನ್ನು (ನಂಬಿಕೆಯ ಅನುಭವವನ್ನು) ಮೂರು ನಿಮಿಷದಲ್ಲಿ, ಗೆಳೆಯನಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬಲ್ಲರು’ ಎಂದು ಬರೆದರೆ ನಾಲ್ಕು ವಾರದ ತರಬೇತಿ ತಾನೇ ರೂಪ ಪಡೆಯುತ್ತದೆ. ಆ ತರಬೇತಿಯಲ್ಲಿ ಒತ್ತಾಯ, ಆಮಿಷ ಎರಡೂ ಸಲ್ಲದು ಎಂಬುದನ್ನೂ ಕಲಿಸಿ. 18ರೊಳಗಿನ ಗೆಳೆಯರನ್ನು ಕರೆತರುವಾಗ ಅವರ ತಂದೆತಾಯಿಗೆ ತಿಳಿದಿರಬೇಕು.

ನೆರವಿನ ಕೆಲಸಕ್ಕೆ ಆರು ಕಡೆ ಆರು ಸಲ ಹೋಗುವುದಕ್ಕಿಂತ ಒಂದೇ ಕಡೆ ಆರು ಸಲ ಹೋಗುವುದು ಮೇಲು. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಉತ್ತರ ಕರ್ನಾಟಕದಿಂದಲೂ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ಹಿಂದಿ, ಮರಾಠಿ ಬಾರದ ಅವರ ಮನೆಯವರಿಗೆ ಫಾರ್ಮ್ ತುಂಬಲು, ಕೌಂಟರ್ ಹುಡುಕಲು ನಿಮ್ಮ ಹುಡುಗರ ಮೂರು ಭಾಷೆ ದೊಡ್ಡ ಆಸರೆಯಾದೀತು. ಇಂಥ ಯಾವ ಆಸ್ಪತ್ರೆಗೇ ಹೋಗುವುದಿದ್ದರೂ ಅಲ್ಲಿನ ಸಮಾಜಸೇವಾ ವಿಭಾಗವನ್ನು ಮೊದಲೇ ಕಂಡು ಅನುಮತಿ ಪಡೆಯಿರಿ, ಅವರು ಹೇಳಿದ ದಿನ ಹೋಗಿ, ಅವರು ಹೇಳಿದಷ್ಟೇ ಮಾಡಿ. ಕ್ಯಾರಲ್ ಸುತ್ತಾಟದಲ್ಲಿ ಧ್ವನಿವರ್ಧಕ ಬಳಸುವುದಾದರೆ ಪೊಲೀಸರ ಅನುಮತಿ ಬೇಕು, ಸಾಮಾನ್ಯವಾಗಿ ರಾತ್ರಿ 10ರ ಮೇಲೆ ಬಳಸುವ ಹಾಗಿಲ್ಲ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. 18 ತುಂಬದವರು ಕಾನೂನಿನ ಕಣ್ಣಲ್ಲಿ ಮಕ್ಕಳು. ಅವರಿರುವ ಕಡೆ ಒಂದೇ ಮನೆಯವರಲ್ಲದ ಇಬ್ಬರು ದೊಡ್ಡವರು ಸದಾ ಇರಬೇಕು. ಮುಚ್ಚಿದ ಕೋಣೆಯಲ್ಲಿ ಒಬ್ಬರಿಗೊಬ್ಬರೇ ಪ್ರಾರ್ಥನೆ ಬೇಡ, ರಾತ್ರಿ ಖಾಸಗಿ ಚಾಟ್ ಬೇಡ, ಹೊರಗೆ ಕರೆದೊಯ್ಯುವಾಗ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಸಭೆಯೊಳಗೇ ಬಗೆಹರಿಸೋಣ’ ಎಂದು ಯಾವ ಹಿರಿಯರು ಹೇಳಿದರೂ ಒಪ್ಪಬೇಡಿ.

ಪಟ್ಟಿಯ 34 ಹೆಸರಿನ ಬಗ್ಗೆ: ಕೆಲಸಕ್ಕೆ ಬೇರೆ ಊರಿಗೆ ಹೋದವರು, ಮದುವೆಯಾಗಿ ಬೇರೆ ಸಭೆ ಸೇರಿದವರು ಅದರಲ್ಲಿ ಎಷ್ಟು? ಅವರನ್ನು ತೆಗೆದ ಮೇಲೆ ಸಂಖ್ಯೆ ಇಷ್ಟು ಹೆದರಿಸುವುದಿಲ್ಲ. ಉಳಿದವರನ್ನು ನಾಲ್ಕು ಜನ ಹಂಚಿಕೊಂಡು ತಿಂಗಳಿಗೊಮ್ಮೆ ಫೋನ್ ಮಾಡಿ. 1881ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಸಭಾಪಾಲಕರು ಶುರುಮಾಡಿದ ಕ್ರಿಶ್ಚಿಯನ್ ಎಂಡೆವರ್ ಯುವಸಂಘಗಳಲ್ಲಿ ಹೊಸಬರನ್ನು ಕರೆತರಲು, ಬಾರದವರನ್ನು ವಿಚಾರಿಸಲು ‘ಲುಕ್‌ಔಟ್ ಕಮಿಟಿ’ ಇತ್ತು. ಅದೇ ಕೆಲಸ ಇದು. ತಯಾರಿಯ ಸರದಿಯೂ ಆರು ವಾರ ಮೊದಲೇ ಗೊತ್ತಿರಲಿ. ವಾಕ್ಯ ನಡೆಸುವವರಿಗೆ ಭಾಗ ಹತ್ತು ದಿನ ಮೊದಲು ಸಿಗಲಿ, ಬುಧವಾರ 20 ನಿಮಿಷ ಫೋನಿನಲ್ಲಿ ಪ್ರಶ್ನೆಗಳನ್ನು ನೋಡಿಕೊಳ್ಳಿ. ಶನಿವಾರ ರಾತ್ರಿ ‘ನಾಳೆ ಯಾರು?’ ಎಂದು ಕೇಳುವ ಕೂಟದಲ್ಲಿ ಯಾವ ಯೋಜನೆಯೂ ನಿಲ್ಲದು.

ಶನಿವಾರ ಸಂಜೆಗೆ ಪೂರ್ತಿ ಬದಲಿಸುವುದು ಸದ್ಯಕ್ಕೆ ಬೇಡ. ಮೆಗಾಬ್ಲಾಕ್ ಕಾಟ ತಪ್ಪುತ್ತದೆ, ನಿಜ. ಆದರೆ ಅಂಗಡಿ, ಮಾಲ್‌ಗಳಲ್ಲಿ ಕೆಲಸ ಮಾಡುವವರಿಗೆ ಶನಿವಾರವೇ ಹೆಚ್ಚು ಕೆಲಸ. ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ರಜೆ. ಪಾಸ್ ಇಲ್ಲದ ವಿದ್ಯಾರ್ಥಿಗಳಿಗೆ ವಾರಕ್ಕೆ ಎರಡು ಸಲ ಟಿಕೆಟ್ ಖರ್ಚು, ಬದಲಾಪುರದ ಹುಡುಗಿ ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ತಿಂಗಳಿಗೊಮ್ಮೆ, ಅದೂ ಅನ್ಯೋನ್ಯತೆಗಾಗಿ, ಇಟ್ಟು ನೋಡಬಹುದು.

ನಾಲ್ಕೈದೇ ಜನ ಬಂದ ದಿನ ಕೂಟ ರದ್ದು ಮಾಡಬೇಡಿ. ಒಮ್ಮೆ ರದ್ದಾದರೆ ಮಳೆಯಲ್ಲಿ ನೆನೆದು ಬಂದವರಿಗೇ ಶಿಕ್ಷೆ, ಮುಂದಿನ ವಾರ ‘ಇದೆಯೋ ಇಲ್ಲವೋ’ ಎಂಬ ಅನುಮಾನ ಎಲ್ಲರಿಗೂ. ಮೈಕ್, ಪರದೆ ಎಲ್ಲ ಬಿಡಿ. ಖಾಲಿ ಕುರ್ಚಿಗಳನ್ನು ಗೋಡೆಗೆ ಸರಿಸಿ, ಒಂದು ಮೇಜಿನ ಸುತ್ತ ಕೂರಿ. ಅದೇ ವಾಕ್ಯಭಾಗ, ಅದೇ ಮೂರು ಪ್ರಶ್ನೆ, 60 ನಿಮಿಷಕ್ಕೆ ಮುಗಿಸಿ. ಬಾರದವರ ಹೆಸರುಗಳನ್ನು ಒಬ್ಬೊಬ್ಬರು ಹಂಚಿಕೊಂಡು ಪ್ರಾರ್ಥಿಸಿ. ಸಂಜೆ ಅವರಿಗೆ ಕಳಿಸುವ ಮೆಸೇಜ್‌ನಲ್ಲಿ ‘ಯಾಕೆ ಬರಲಿಲ್ಲ’ ಎಂಬುದು ಬೇಡ. ‘ಇವತ್ತು ನಿನ್ನ ಇಂಟರ್‌ವ್ಯೂಗಾಗಿ ಪ್ರಾರ್ಥಿಸಿದೆವು, ಹೇಗಾಯಿತು?’ ಎಂದು ಕೇಳಿ.